ಉಗುರಿನ ಸಂದಿಯ ಕಪ್ಪು ಬಣ್ಣ

ಚಿಂತಾಮಣಿಯ ಬೆಂಗಳೂರು ರಸ್ತೆಯಲ್ಲಿ ಉಸ್ಮಾನ್ ಸಾಬರ ಟೈರ್ ಅಂಗಡಿ ಇತ್ತು. ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂರಿಸಿ, ಬಿಸಿ ಅಚ್ಚಿನಲ್ಲಿ ಬೇಯಿಸಿ ಕೊಡುವುದು ಅವರ ಕಸುಬು. ರಬ್ಬರಿನ ಗುಣ ತಿಳಿಯಲು ಅವರಿಗೆ ಬಲಗೈ ಹೆಬ್ಬೆರಳಿನ ಉಗುರೊಂದೇ ಸಾಕಾಗಿತ್ತು. ಒತ್ತಿ ಬಿಡುವರು, ಗುರುತು ಎಷ್ಟು ಹೊತ್ತು ನಿಂತಿತು ಎಂದು ನೋಡಿ, ಈ ಟೈರು ಎಷ್ಟು ಸಾವಿರ ಮೈಲಿ ಓಡುತ್ತದೆಂದು ಹೇಳುವರು. ಮೂವತ್ತು ವರ್ಷಗಳಲ್ಲಿ ಆ ಉಗುರು ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಅಂಗಡಿಯಿಂದ ಹೊರಡುವ ಪ್ರತಿ ಟೈರಿಗೂ ಕೊನೆಗೆ ಕರಿ ಬಣ್ಣ ಬಳಿಯುತ್ತಿದ್ದರು, ಪಕ್ಕಕ್ಕೂ, ನೆಲ ಮುಟ್ಟುವ ಭಾಗಕ್ಕೂ. ರಸ್ತೆಗಿಳಿದರೆ ನೆಲ ಮುಟ್ಟುವ ಬಣ್ಣ ಸ್ವಲ್ಪ ದೂರದಲ್ಲೇ ಸವೆದುಹೋಗುತ್ತಿತ್ತು. ಆದರೂ ಗಿರಾಕಿಯ ಕಣ್ಣೆದುರು ಟೈರು ಮದುಮಗನ ಹಾಗೆ ಹೊರಡಬೇಕು ಎಂಬುದು ಅವರ ಹಟ.

ಸಾಬರಿಗೆ ಆವುಲಪ್ಪ ಗುರುತಾದದ್ದು ಆ ಅಂಗಡಿಯಲ್ಲೇ. ಸುತ್ತಲ ಹಳ್ಳಿಗಳಿಂದ ರೇಷ್ಮೆಗೂಡಿನ ಮೂಟೆಗಳನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಶಿಡ್ಲಘಟ್ಟದ ಹರಾಜಿಗೆ ಹೊತ್ತು ಮೀರದಂತೆ ಮುಟ್ಟಿಸುವ ಇಪ್ಪತ್ತಮೂರರ ಯುವಕ. ತಿರುವಿನಲ್ಲಿ ಅವನು ಗಾಡಿ ವಾಲಿಸುವುದನ್ನು ನೋಡಿದ ಬೆಂಗಳೂರಿನ ಮೆಕ್ಯಾನಿಕ್ ಒಬ್ಬರು ಮದ್ರಾಸಿನ ಕಡೆಯ ರೇಸಿಗೆ, ಹೊಸಬರ ವಿಭಾಗಕ್ಕೆ, ಅವನ ಹೆಸರು ಬರೆಸಿದ್ದರು. ಮೊದಲ ಐದು ಜನರಲ್ಲಿ ಬಂದರೆ ತಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತೇವೆಂದೂ ಹೇಳಿದ್ದರು. ಅದು ಸಾವಿರದ ಒಂಬೈನೂರ ಎಂಬತ್ತೆಂಟು.

"ಸಾಬ್ರೇ, ಟೈರು ನೀವೇ ಆರಿಸಿಕೊಡಬೇಕು. ನಂಗೆ ಗೂಡು ಗೊತ್ತು, ರಬ್ಬರು ಗೊತ್ತಿಲ್ಲ" ಎಂದು ಬಂದು ನಿಂತ.

ಬೆಂಚಿನ ಮೇಲೆ ಕೂತಿದ್ದ ಲಾರಿ ಡ್ರೈವರ್ ಗಂಗುಲಪ್ಪ ನಕ್ಕ. "ನನ್ನ ಲಾರಿದು ಒಂದು ಬಿಚ್ಚಿಕೊಡ್ಲೇನೋ? ಬಿದ್ರೂ ಅದು ಸವೆಯಲ್ಲ."

"ನೀನು ಸುಮ್ನಿರಪ್ಪ. ನಿನ್ನ ಲಾರಿ ಓಡೋದ್ ನೋಡಿದ್ರೆ ಎತ್ತಿನ ಗಾಡಿಗೆ ನಗು ಬರುತ್ತೆ" ಎಂದರು ಸಾಬರು. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಆವುಲಪ್ಪನ ಜೊತೆ ಬೆಂಗಳೂರಿನ ಬಸ್ಸು ಹತ್ತಿದರು.

ಅಲ್ಲಿನ ಅಂಗಡಿಯೊಂದರಲ್ಲಿ ರೇಸಿನವರು ಒಂದೆರಡು ಸಲ ಓಡಿಸಿ ಬಿಟ್ಟ ಟೈರುಗಳಿದ್ದವು. ಅಂಗಡಿಯವನು ಗಟ್ಟಿ ರಬ್ಬರಿನದನ್ನು ಮುಂದೆ ತಳ್ಳಿದ. ಹೊಸಬನಿಗೆ ಇದೇ ಸರಿ, ವರ್ಷಗಟ್ಟಲೆ ಬಾಳುತ್ತದೆ ಎಂದ. ಸಾಬರು ಪ್ರತಿ ಟೈರನ್ನೂ ನೆರಳಿನಲ್ಲಿ ಒಮ್ಮೆ, ಬಿಸಿಲಿಗೆ ತಂದು ಒಮ್ಮೆ ಉಗುರಿನಿಂದ ಒತ್ತಿದರು. ಕೊನೆಗೆ ಮುಂದಿನ ಚಕ್ರಕ್ಕೆ ತೀರ ಮೆತ್ತಗಿನದು, ಹಿಂದಿನದಕ್ಕೆ ಅದಕ್ಕಿಂತ ಕೊಂಚ ಬಿಗಿಯಾದದ್ದು ಎತ್ತಿಟ್ಟರು.

"ಗಟ್ಟಿದು ಯಾಕೆ ಬೇಡ ಸಾಬ್ರೇ?"

"ನೀರು ಕಾಯ್ದೇ ಇದ್ರೆ ನಿಮ್ಮ ಗೂಡು ಎಳೆ ಬಿಡುತ್ತಾ? ಬಿಡಲ್ಲ. ರಬ್ಬರೂ ಹಂಗೇ, ಕಾದ ಮೇಲೇ ನೆಲ ಹಿಡಿಯೋದು. ಗಟ್ಟಿ ರಬ್ಬರು ಕಾಯೋಕೆ ಪಳಗಿದೋನು ಬೇಕು, ಅಷ್ಟು ಜೋರು ನಿನ್ನ ಕೈಲಿ ಇನ್ನೂ ಆಗಲ್ಲ. ಇದು ಬೇಗ ಕಾಯುತ್ತೆ. ಬೇಗ ಸವೆಯುತ್ತೆ ಕೂಡ. ಅದಕ್ಕೇ ಪ್ರಾಕ್ಟೀಸೆಲ್ಲ ಹಳೇ ಟೈರಲ್ಲಿ ಮಾಡು. ಇದನ್ನ ರೇಸಿನ ಹೊತ್ತಿಗೆ ಮಾತ್ರ ಹಾಕಣ."

ಆರಿಸಿದ್ದು ಸರಿಯಾಗಿಯೇ ಇತ್ತು. ಅದನ್ನು ಆಮೇಲೆ ಎಷ್ಟೋ ಸಲ ಅವರು ತಮಗೆ ತಾವೇ ಹೇಳಿಕೊಂಡರು.

ಹೊರಡುವ ಶುಕ್ರವಾರ ನಮಾಜು ಮುಗಿಸಿ ಬಂದಾಗ ಎರಡು ಟೈರೂ ಅಂಗಡಿಯ ಗೋಡೆಗೆ ಒರಗಿದ್ದವು. ಬೇರೆಯವರ ಕಾಲಡಿ ಓಡಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಅಷ್ಟು ಜನರ ನಡುವೆ ಹಳೇ ಟೈರೆಂದು ಯಾರಾದರೂ ನಕ್ಕರೆ ಎನ್ನಿಸಿತು. ಬಣ್ಣದ ಡಬ್ಬಿ ತೆಗೆದರು. ಅಂದು ಬ್ರಶ್ಶನ್ನು ಎಂದಿಗಿಂತ ನಿಧಾನವಾಗಿ ಆಡಿಸಿದರು, ಎರಡು ಸುತ್ತು. ಬಿಸಿಲಿನಲ್ಲಿ ಒಣಗಿದ ಟೈರುಗಳು ಆಗ ತಾನೇ ಮಿಂದ ಎಮ್ಮೆಗಳ ಹಾಗೆ ಮಿರುಗುತ್ತಿದ್ದವು.

"ಅಬ್ಬಾ! ಹೊಸದೇ ಅನ್ನಬೇಕು" ಎಂದ ಆವುಲಪ್ಪ. ಬೇರೇನನ್ನೂ ಅವನು ಕೇಳಲಿಲ್ಲ. ಸಾಬರಿಗೂ ಬೇರೇನೂ ತೋಚಲಿಲ್ಲ.

ಶನಿವಾರದ ಪ್ರಾಕ್ಟೀಸು ಹಳೆಯ ಟೈರಿನಲ್ಲಿ ಮುಗಿಯಿತು. ಜೊತೆಗೆ ಹೋಗಿದ್ದ ಸಾಬರು ಭಾನುವಾರ ತಾವೇ ಮಂಡಿಯೂರಿ ಬಣ್ಣ ಬಳಿದ ಜೋಡಿ ಹಾಕಿದರು. ಬಾವುಟ ಬಿತ್ತು. ಆವುಲಪ್ಪ ನೆಟ್ಟನೆಯ ಓಟದಲ್ಲಿ ಮೂರನೆಯವನಾಗಿದ್ದ. ಮೊದಲ ತಿರುವಿನಲ್ಲಿ ಶಿಡ್ಲಘಟ್ಟದ ದಾರಿಯಲ್ಲಿ ವಾಲಿಸುವಂತೆಯೇ ಗಾಡಿಯನ್ನು ವಾಲಿಸಿದ. ಮುಂದಿನ ಚಕ್ರ ಅವನ ಕೈ ಬಿಟ್ಟು ಪಕ್ಕಕ್ಕೆ ಹೋಯಿತು. ಹಿಂದೆ ಬಂದವನ ಗಾಡಿ ಅವನ ಬಲ ಮಂಡಿಯ ಮೇಲೆ ಹಾದುಹೋಯಿತು.

ಅವನನ್ನು ಎತ್ತಿಕೊಂಡು ಹೋದ ಮೇಲೆ ಸಾಬರು ಬಿದ್ದ ಗಾಡಿಯ ಬಳಿ ಕೂತರು. ಮುಂದಿನ ಟೈರಿನ ನಡುವೆ ಬಣ್ಣ ಸವೆದಿತ್ತು. ತಿರುವಿನಲ್ಲಿ ನೆಲ ಹಿಡಿಯಬೇಕಾಗಿದ್ದ ಅಂಚು ಮಾತ್ರ ಕನ್ನಡಿಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಹೆಬ್ಬೆರಳಿನ ಉಗುರು ಒತ್ತಿದರು. ಅದು ಜಾರಿತು. ಮತ್ತೆ ಒತ್ತಿ ಕೆರೆದಾಗ ಸಿಪ್ಪೆಯಂತೆ ಎದ್ದ ಬಣ್ಣ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಆವುಲಪ್ಪನೇ ಮೊದಲು ಮಾತಾಡಿದ. "ತಪ್ಪು ನಂದೇ ಸಾಬ್ರೇ. ಆಸೆಗೆ ಬಿದ್ದು ಜಾಸ್ತಿ ವಾಲಿಸಿಬಿಟ್ಟೆ. ನಿಮ್ಮ ಮರ್ಯಾದೆ ಕಳೆದೆ."

ಸಾಬರು ಕೈಯನ್ನು ಜುಬ್ಬದ ಜೇಬಿಗೆ ಇಳಿಬಿಟ್ಟರು. "ಮಲಗಪ್ಪ" ಎಂದರು.

ಊರಿಗೆ ಬಂದ ಮೇಲೆ ಉಗುರನ್ನು ಪಿನ್ನಿನಿಂದ ಕೆರೆಯುತ್ತ ಕೂತ ಗಂಡನನ್ನು ಮೆಹಬೂಬ್ ಬೀ ಎರಡು ದಿನ ನೋಡಿದರು. ಮೂರನೆಯ ದಿನ ಕೇಳಿದರು, ಸಾಬರು ಎಲ್ಲವನ್ನೂ ಹೇಳಿದರು.

"ಹೋಗಿ ಆ ಹುಡುಗನಿಗೆ ಹೇಳ್ರೀ."

"ಹೇಳಿದ್ರೆ ಕಾಲು ಬರುತ್ತಾ?"

"ಕಾಲು ಬರಲ್ಲ. ಆದ್ರೂ ಹೇಳ್ರೀ."

ನಾಳೆ ಎಂದರು. ಆವುಲಪ್ಪನ ಮಂಡಿ ಮಡಿಸಲು ಬಾರದಂತೆ ಕೂಡಿಕೊಂಡಿತು, ಗಾಡಿ ಮಾರಿದ, ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕುದಿನೀರಿನ ತೊಟ್ಟಿಯ ಮುಂದೆ ಕಾಲು ಚಾಚಿ ಕೂತ. ಪ್ರತಿ ಸುದ್ದಿ ಬಂದಾಗಲೂ ಸಾಬರು ನಾಳೆ ಎಂದುಕೊಂಡರು.

ಅವರು ಮಾಡಿದ್ದು ಒಂದೇ. ಬಣ್ಣದ ಡಬ್ಬಿಯನ್ನು ಮತ್ತೆ ತೆಗೆಯಲಿಲ್ಲ. ಕೇಳಿದವರಿಗೆಲ್ಲ ಬಣ್ಣದ ರೇಟು ಏರಿದೆ ಎಂದರು. "ಏನ್ ಸಾಬ್ರೇ, ಟೈರೆಲ್ಲ ವಿಭೂತಿ ಬಳಕೊಂಡವೆ" ಎಂದು ಗಂಗುಲಪ್ಪ ಗೇಲಿ ಮಾಡಿದ. ಆಮೇಲೆ ಅವನೂ ಬಸ್ ಸ್ಟ್ಯಾಂಡಿನ ಬಳಿ ಬಂದ ಹೊಸ ಅಂಗಡಿಗೆ ಹೋಗತೊಡಗಿದ. ಅಲ್ಲಿ ಟೈರುಗಳು ಮಿರುಗುತ್ತಿದ್ದವು.

ಏಳು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಆವುಲಪ್ಪ ಬಂದ. ಹೆಗಲ ಮೇಲೆ ಭಾವನ ಸ್ಕೂಟರಿನ ಸವೆದ ಟೈರು. ಅದನ್ನು ಇಳಿಸಿ, ಗೋಡೆಗೆ ಒರಗಿದ್ದ ಎರಡೇ ಎರಡು ಟೈರುಗಳನ್ನು ನೋಡಿದ.

"ಬಣ್ಣ ಯಾಕೆ ಬಿಟ್ಬಿಟ್ರಿ ಸಾಬ್ರೇ?"

ಏಳು ವರ್ಷ ಎಲ್ಲರಿಗೂ ಹೇಳಿದ ಉತ್ತರ ಈಗ ಬರಲಿಲ್ಲ.

"ಜಾರುತ್ತೆ ಕಣಪ್ಪ."

ಆವುಲಪ್ಪ ಬೂದಿ ಬಣ್ಣದ ಟೈರನ್ನು ಸವರಿದ. ಸವರುತ್ತಿದ್ದ ಕೈ ನಿಂತಿತು.

"ಅವತ್ತು ಬಳಿದಿದ್ರಿ, ಅಲ್ವಾ?"

"ಹೂಂ."

"ಅಂಚಿಗೂ?"

"ಎರಡು ಸುತ್ತು."

ರಸ್ತೆಯಲ್ಲಿ ಬಸ್ಸೊಂದು ಹಾದು ಧೂಳು ಒಳಗೆ ಬಂತು.

"ವಾಲಿಸೋದು ನನ್ನ ಕೈಗೇ ಬರಲಿಲ್ಲ ಅಂದ್ಕೊಂಡಿದ್ದೆ" ಎಂದ ಆವುಲಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಏಳು ವರ್ಷ ಈ ಕೈನೇ ಬೈಕೊಂಡೆ. ಮಂಡಿ ಹೋಗ್ಲಿ ಬಿಡಿ. ಇದೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

ಸಾಬರು ಸ್ಕೂಟರ್ ಟೈರಿನ ಕಡೆಗೆ ಕೈ ಚಾಚಿದರು. ಆವುಲಪ್ಪ ಅದನ್ನು ಎತ್ತಿ ಮತ್ತೆ ಹೆಗಲಿಗೇರಿಸಿಕೊಂಡ. ಮಡಿಸಲಾಗದ ಕಾಲನ್ನು ಎಳೆಯುತ್ತ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಬಳಿಯ ಅಂಗಡಿಯ ಕಡೆಗೆ ನಡೆದ.

ಚಾಚಿದ ಕೈಯನ್ನು ಸಾಬರು ಹಿಂದಕ್ಕೆ ತೆಗೆದುಕೊಂಡದ್ದು ಬಹಳ ಹೊತ್ತಿನ ಮೇಲೆ.