ಅವ್ವನ ಕೈಗೊಂದು ಹಿಡಿ

ಮೊನ್ನೆ ಕಡಗಂಚಿಯಲ್ಲಿ, ನಾನಿರುವ ಬಾಡಿಗೆ ಮನೆಯ ಎದುರಿಗೆ ಬಡಗಿಯೊಬ್ಬ ಬಾಗಿಲಿಗೆ ತೂತು ಕೊರೆಯುತ್ತಿದ್ದ. ಡ್ರಿಲ್ ಕಾದು ಕಟ್ಟಿಗೆ ಸುಟ್ಟ ವಾಸನೆ ಬಂತು, ಸ್ವಲ್ಪ ಸಿಹಿ, ಸ್ವಲ್ಪ ಒಗರು. ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಯ ಹತ್ತಿರ ನಿಂತುಬಿಟ್ಟೆ. ನರೋಣಾದ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಬಾಲ್ಯದುದ್ದಕ್ಕೂ ಈ ವಾಸನೆಯೇ ಇತ್ತು. ಅಪ್ಪ ಕಮ್ಮಾರ. ಚಾಕುವಿನ ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯ ಕಟ್ಟಿಗೆಯೊಳಗೆ ಇಳಿಸುವಾಗ ಸುಂಯ್ ಎಂದು ನೀಲಿ ಹೊಗೆ ಏಳುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆ ಪಡಸಾಲೆ ಈಗಿಲ್ಲ. ಆ ಜಾಗದಲ್ಲಿ ಯಾರದೋ ಗೊಬ್ಬರದ ಗೋದಾಮು ನಿಂತಿದೆ. ಹುಟ್ಟಿದ ಮನೆಯಿದ್ದ ಓಣಿಯನ್ನು ಬಸ್ಸು ದಾಟುವಾಗ ಮುಖ ತಿರುಗಿಸಿಕೊಳ್ಳುವವರು ನಿಮ್ಮಲ್ಲೂ ಇರಬಹುದು. ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ತೊಗರಿ ರಾಶಿಯ ಮಷಿನ್ನು ಅವ್ವನ ಬಲಗೈಯ ಎರಡು ಬೆರಳು ತಿಂದಿತು. ಗಾಯ ಮಾಯಿತು, ಆದರೆ ಉಳಿದ ಬೆರಳುಗಳಿಗೆ ಬಿಗಿ ಸಾಲದಾಯಿತು. ಎಡಗೈ ಮುಂದೆ ಮಾಡಿ ರೊಟ್ಟಿ ಬಡಿಯುವುದನ್ನು ಹೇಗೋ ಕಲಿತಳು. ಕಾಯಿಪಲ್ಯೆ ಹೆಚ್ಚಲು ಕೂತರೆ ಮಾತ್ರ ಚಾಕು ಜಾರಿ ಬೀಳುತ್ತಿತ್ತು. ಊರಿಗೆಲ್ಲ ಚಾಕು ಮಾಡಿಕೊಡುವವನ ಹೆಂಡತಿ ಚಾಕು ಹಿಡಿಯಲಾರಳು ಎಂಬುದು ಅಪ್ಪನನ್ನು ಒಳಗೊಳಗೇ ತಿನ್ನತೊಡಗಿತು. ಒಂದು ದಿನ ಕೆರೆಯ ಜಿಗುಟು ಮಣ್ಣು ಕಲಸಿ ತಂದು ಅವಳ ಅಂಗೈಯಲ್ಲಿಟ್ಟ. "ಗಟ್ಟಿ ಹಿಚುಕು. ಎಷ್ಟು ಆಗ್ತದ ಅಷ್ಟು" ಅಂದ. ಮಣ್ಣಿನಲ್ಲಿ ಮೂರು ಬೆರಳಿನ ತಗ್ಗು ಮೂಡಿತು. ಅದನ್ನು ನೆರಳಲ್ಲಿ ಒಣಗಿಸಿ, ಹಳೆಯ ಧೋತರದ ಚೂರಿನಲ್ಲಿ ಸುತ್ತಿ, "ಇದರಂಗ ಹಿಡಿ ಮಾಡ್ತೇನಿ, ನೋಡು" ಅಂದ.

ಮನೆಯಲ್ಲಿದ್ದ ಬೇವಿನ ಕಟ್ಟಿಗೆ ಸೀಳಿತು. ಹುಣಸೆ ಮರದ ಒಳತಿರುಳು, ಚೇಗು, ಭಾರವಾಗಿ ಅವ್ವನ ಮಣಿಕಟ್ಟು ಸೋತಿತು. ಆಳಂದದಲ್ಲಿ ಕೆಡವಿದ ವಾಡೆಯೊಂದರ ಸಾಗವಾನಿ ತಂದರೆ ಒಳಗೆಲ್ಲ ಗೆದ್ದಲು. ರವಿವಾರ ಬಂತೆಂದರೆ ಅಪ್ಪ ನನ್ನನ್ನು ಕರೆದುಕೊಂಡು ಬಸ್ ಹತ್ತುತ್ತಿದ್ದ. ಬೋರ್ಡು ಓದಲು ಅವನಿಗೆ ನಾನು ಬೇಕಾಗಿತ್ತು. ಅಫಜಲಪುರದ ಮೋಟಾರು ರಿಪೇರಿ ಅಂಗಡಿಯಲ್ಲಿ ಹಿಡಿಗೆ ಬಡಿಯುವ ಮೊಳೆಗಾಗಿ ದಪ್ಪ ತಾಮ್ರದ ತಂತಿ ಸಿಕ್ಕಿತು. ಹಿಡಿಯ ಕುತ್ತಿಗೆ ಒಡೆಯದಂತೆ ತೊಡಿಸುವ ಹಿತ್ತಾಳೆ ಬಳೆ ಎಲ್ಲೂ ಸರಿಹೊಂದಲಿಲ್ಲ. ಕೊನೆಗೆ ಅವ್ವ ತವರಿನಿಂದ ತಂದ ಹಿತ್ತಾಳೆ ತಂಬಿಗೆಯನ್ನೇ ಮುಂದಿಟ್ಟು, ಅದರ ಕಂಠದ ಪಟ್ಟಿ ಕತ್ತರಿಸಿ ಬಳೆ ಮಾಡಿಕೊಳ್ಳಲು ಹೇಳಿದಳು. ಕಟ್ಟಿಗೆ ಸಿಕ್ಕಿದ್ದು ಜೇವರ್ಗಿ ಕಡೆಯ ಇಜೇರಿಯಲ್ಲಿ, ಬಂಡಿ ಮಾಡುವ ಮೌಲಾಸಾಬನ ಅಂಗಳದಲ್ಲಿ. ಆ ಮುದುಕ ಮಣ್ಣಿನ ಅಚ್ಚನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಯಾರ ಕೈರಿ ಇದು?"

ಅಪ್ಪ ಹೇಳಿದ. ಮೌಲಾಸಾಬ ಒಳಗೆ ಹೋಗಿ ಒಂದು ಹಳೆಯ ನೊಗದ ತುಂಡು ತಂದ. "ನಮ್ಮ ಅಬ್ಬಾ ಕಡದಿದ್ದರಿ. ಹಗೂರ ಅದ, ಸೀಳಂಗಿಲ್ಲ. ಬಂಡಿ ಕೇಳೋರೇ ಇಲ್ಲ ಈಗ. ಒಯ್ರಿ."

ಕುಸುಬಿ ಎಣ್ಣೆ ಕುಡಿಸಿ, ಗಾಜಿನ ಚೂರಿನಿಂದ ಹೆರೆದು, ಅಚ್ಚಿನೊಂದಿಗೆ ತಾಳೆ ನೋಡಿ ನೋಡಿ ಅಪ್ಪ ಹಿಡಿ ಮುಗಿಸುವಷ್ಟರಲ್ಲಿ ಮತ್ತೊಂದು ತೊಗರಿ ರಾಶಿ ಬಂದಿತ್ತು. ಅಂಥ ನುಣುಪಾದ ವಸ್ತುವನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಅಪ್ಪ ಅದನ್ನು ಅವ್ವನ ಕೈಯಲ್ಲಿಟ್ಟ. ಬೆರಳು ತಗ್ಗುಗಳಲ್ಲಿ ಕೂರಲಿಲ್ಲ. ನಾವು ಊರೂರು ಹುಡುಕುತ್ತ ಕಳೆದ ತಿಂಗಳುಗಳಲ್ಲಿ ಅವು ಇನ್ನಷ್ಟು ಸೆಟೆದು ಒಳಕ್ಕೆ ಮುದುಡಿದ್ದವು. ಪಕ್ಕದಲ್ಲೇ ಕೂತಿದ್ದ ನನಗದು ಕಂಡಿತು. ಅವ್ವ ನಕ್ಕು, "ಭೇಷ್ ಕುಂತದ್ರಿ" ಅಂದಳು. ಅಪ್ಪನ ಎದುರಿಗೇ ಒಂದು ಉಳ್ಳಾಗಡ್ಡಿಯನ್ನು ಹೇಗೋ ಹೆಚ್ಚಿದಳು. ಅವನು ಹೊರಗೆ ಹೋದಾಗ ಈಳಿಗೆ ಮಣೆ ತೆಗೆದು, ಎಡಗೈಯಿಂದ ಒತ್ತಿ ಒತ್ತಿ ಕಾಯಿ ಕೊಯ್ಯುತ್ತಿದ್ದಳು. ಒಂದು ಮಧ್ಯಾಹ್ನ ಮರೆತ ಇಕ್ಕಳಕ್ಕಾಗಿ ಅಪ್ಪ ತಿರುಗಿ ಬಂದ. ಹೊಸ್ತಿಲಲ್ಲಿ ನಿಂತು ನೋಡಿದ.

"ಮತ್ತೊಮ್ಮೆ ಮಣ್ಣು ಕಲಸ್ಲೇನು?"

"ಬ್ಯಾಡ್ರಿ. ಈ ಕೈ ಒಂದ ಕಡಿ ನಿಂದ್ರವಲ್ದು. ನೀವು ಎಷ್ಟಂತ ಬೆನ್ನು ಹತ್ತೀರಿ?"

ಮರುದಿನದಿಂದ ಕಾಯಿಪಲ್ಯೆ ಹೆಚ್ಚುವುದು ಅಪ್ಪನ ಕೆಲಸವಾಯಿತು. ಕುಲುಮೆಗೆ ಇದ್ದಿಲು ಹಾಕುವ ಮೊದಲು ಒಲೆಯ ಪಕ್ಕ ಕೂತು ದಪ್ಪ ದಪ್ಪ ಹೋಳು ಮಾಡಿಡುತ್ತಿದ್ದ. ಹಿಡಿಗಳನ್ನು ಮಾತ್ರ ಮತ್ತೆ ಮನಸ್ಸಿಟ್ಟು ಮಾಡಲಿಲ್ಲ. ಸಿಕ್ಕ ಕಟ್ಟಿಗೆ ಬಡಿದು ಕೊಟ್ಟ. ಸಂತೆಗೆ ಪ್ಲಾಸ್ಟಿಕ್ ಹಿಡಿಯ ಚಾಕುಗಳು ಬಂದವು, ಕುಲುಮೆ ಆರಿತು. ನನ್ನ ಮದುವೆಯಾದ ಎರಡು ವರ್ಷಕ್ಕೆ ಅವನೂ ಹೋದ. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ ಅವ್ವನ ತಾಟಿನಲ್ಲಿ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಒಂದಿಷ್ಟು ಮೊಸರು, ಅಷ್ಟೇ. ನಾನು ಎಳೆಯ ಬದನೆಕಾಯಿ ತಂದು ಹೆಚ್ಚಲು ಕೂತರೆ ಅವಳು ಎದ್ದು ಬಂದು ಬುಟ್ಟಿಯನ್ನೇ ಎತ್ತಿ ಒಳಗಿಡುತ್ತಿದ್ದಳು. "ಇರಲಿ ಬಿಡ ಮಗಳ, ನನಗ ರುಚಿ ಹತ್ತೂದಿಲ್ಲ" ಅನ್ನುತ್ತಿದ್ದಳು. ಇನ್ನೂ ಆರು ವರ್ಷ ಬದುಕಿದಳು. ಆ ಮನೆಯಲ್ಲಿ ಮತ್ತೆ ಪಲ್ಯೆ ಆಗಲಿಲ್ಲ.