ನಮ್ಮನೇದು ಯಾವಾಗ?

ಕೊಪ್ಪದ ಸುತ್ತಮುತ್ತ ಹೆಲ್ತ್ ಇನ್ಸ್‌ಪೆಕ್ಟರ್ ಸುಂದರೇಶ್ ಇಣುಕದ ಬಾವಿಯಿಲ್ಲ. ಮೂವತ್ತೆರಡು ವರ್ಷ ಹರಿಹರಪುರ, ಮೇಗುಂದ ಅಂತ ಬ್ಲೀಚಿಂಗ್ ಪೌಡರ್ ಹೊತ್ತು ತಿರುಗಿದ ಮನುಷ್ಯ. ನಿವೃತ್ತಿಯಾದ ಮೇಲೆ ಕೊಪ್ಪದ ಕಾಲೇಜೊಂದು ಪರಿಸರ ಆರೋಗ್ಯ ತಂತ್ರಜ್ಞರ ಕೋರ್ಸಿಗೆ ಪಠ್ಯಕ್ರಮ ಬರೆದುಕೊಡಿ ಎಂದಿತು. ಇವರನ್ನು ಬಿಟ್ಟು ಇನ್ಯಾರನ್ನು ಕೇಳಬೇಕು, ಹೇಳಿ!

ಬರೆದರು. ಮೊದಲ ದಿನದ ಮೊದಲ ಪಾಠ, ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಕುಡಿಯುವ ನೀರನ್ನೇ ಪರೀಕ್ಷಿಸಬೇಕು.

ಪ್ರಿನ್ಸಿಪಾಲ್ ಸುಮಲತಾ ಅಲ್ಲಿಗೇ ಪೆನ್ನು ಇಟ್ಟರು. “ಇದೊಂದು ಬೇಡ ಸರ್. ನಮ್ಮವರಿಗೆ ಗುಡ್ಡದ ಅಬ್ಬಿಯಿಂದ ಪೈಪಲ್ಲಿ ಬರೋ ನೀರು ಅಂದ್ರೆ ತೀರ್ಥ. ಅದು ಸರಿಯಿಲ್ಲ ಅಂದ್ರೆ ಅಪ್ಪ ಅಮ್ಮಂದಿರು ಜಗಳಕ್ಕೇ ಬರ್ತಾರೆ.”

ಹೆಂಡತಿ ಗೋದಾವರಿಗೆ ಸುಂದರೇಶರೂ ಹೀಗೇ ಹೇಳಿದ್ದರು.

“ಊರವರ ನೀರೆಲ್ಲ ನೋಡ್ತೀರಿ, ನಮ್ಮನೇದು ಯಾವಾಗ? ಊರಿಗೆ ಉಪಕಾರಿ, ಮನೆಗೆ ಮಾರಿ!” ಎಂದು ಅವಳು ಕಾಫಿ ಕೊಡುವಾಗಲೆಲ್ಲ ಕೆಣಕುತ್ತಿದ್ದಳು.

“ಗುಡ್ಡದ ನೀರು ಮಾರಾಯ್ತಿ, ಅದಕ್ಕೆಂಥ ಪರೀಕ್ಷೆ?” ಎಂದು ಇವರು ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಕಾಮಾಲೆ ಬಂದು ಹದಿನೆಂಟೇ ದಿನದಲ್ಲಿ ಅವಳು ಹೋದಳು. ಆಮೇಲಾದರೂ ನೀರು ನೋಡಿದರೇ? ಇಲ್ಲ. ನೋಡಲು ಧೈರ್ಯವಾಗಲಿಲ್ಲ. ಕುದಿಸಿದ ನೀರು ಕುಡಿಯುತ್ತ, ಅವಳು ಒಂದು ಸಲ ಬೈದರೆ ಸಾಕು ಅಂತ ಹಂಬಲಿಸುತ್ತ ದಿನ ತಳ್ಳಿದರು.

“ಎರಡು ದಿನ ಟೈಮ್ ಕೊಡಿ, ಮೇಡಂ. ಆಮೇಲೆ ಬೇಕಾದ್ರೆ ಹೊಡೆದುಹಾಕಿ,” ಎಂದರು.

ಮರುದಿನ ಬೆಳಿಗ್ಗೆ ಪರೀಕ್ಷೆಯ ಪುಟ್ಟ ಬಾಟಲಿಗೆ ಮನೆಯ ನಲ್ಲಿಯ ನೀರು ಹಿಡಿದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟರು. ನೀರಿಗೆ ಹೊಲಸು ಸೇರಿದ್ದರೆ ಬಾಟಲಿಯೊಳಗಿನ ಮದ್ದಿಗೆ ಒಂದು ದಿನದಲ್ಲಿ ಅದು ಕಪ್ಪಾಗುತ್ತದೆ.

ಅದರ ಮರುದಿನ ಬಂದು ನೋಡಿದರೆ ಬಾಟಲಿ ಕಾಡಿಗೆಯಂತೆ ಕಪ್ಪಾಗಿತ್ತು.

“ಯಾರ ಮನೇದು ಸರ್ ಇದು?” ಸುಮಲತಾ ಬೆಚ್ಚಿದರು.

“ನಮ್ಮನೇದು. ಹೆಂಡತಿ ಕಾಮಾಲೆಯಲ್ಲಿ ಹೋದಾಗ ಹೇಗಿತ್ತೋ, ದೇವರೇ ಬಲ್ಲ. ಅವಳು ಕೇಳಿದ್ದು ಒಂದು ಬಾಟಲಿ ಮೇಡಂ, ಒಂದೇ ಒಂದು.”

ಸುಮಲತಾ ಪಠ್ಯಕ್ರಮವನ್ನು ಹತ್ತಿರಕ್ಕೆಳೆದುಕೊಂಡರು. ಮೊದಲ ಪಾಠದ ಪಕ್ಕದಲ್ಲಿ ಸಹಿ ಹಾಕಿದರು.

ಸುಂದರೇಶ್ ಬಾಟಲಿಯನ್ನು ಜೇಬಿಗಿಳಿಸಿ ಬಸ್ ಹತ್ತಿದರು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಕೂಗಿಬಿಟ್ಟರು: “ಗೋದಾವರಿ, ನಮ್ಮನೇದೂ ನೋಡಿದೆ ಕಣೇ!”