ಲೆನ್ಸಿನ ಮೇಲಿನ ಕುಂಕುಮ

ಸಿರುಗುಪ್ಪದಲ್ಲಿ ಸ್ಟುಡಿಯೊ ಇಟ್ಟಿದ್ದ ನನ್ನ ಗುರುಗಳು ತಮ್ಮ ಕ್ಯಾಮೆರಾವನ್ನು ಹೆಂಡತಿ ಕೈಗೂ ಕೊಟ್ಟವರಲ್ಲ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ನನ್ನದೇ ಸ್ಟುಡಿಯೊ ಇಟ್ಟಿದ್ದ ನನ್ನನ್ನು ಅಲ್ಲಿಯ ಜವಳಿ ವ್ಯಾಪಾರಿಯೊಬ್ಬರು ಮಗಳ ಮದುವೆಯ ಫೋಟೊ ತೆಗೆಯಲು ಸಿಂಗಪುರಕ್ಕೆ ಕರೆದಾಗ ಮಾತ್ರ, ನಿನ್ನ ಡಬ್ಬಿ ಕ್ಯಾಮೆರಾ ಒಯ್ದು ನಮ್ಮ ಮಾನ ಕಳೆಯಬೇಡ ಎಂದು ಬೈದು, ತಮ್ಮದನ್ನು ತಾವೇ ನನ್ನ ಕೊರಳಿಗೆ ಹಾಕಿದರು.

ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆದರು. ಕ್ಯಾಮೆರಾ, ಲೆನ್ಸುಗಳ ನಂಬರನ್ನು ಕಾಗದದಲ್ಲಿ ಬರೆಸಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ, ವಾಪಸು ಬರುವಾಗ ಹೊರದೇಶದಲ್ಲಿ ಕೊಂಡ ಮಾಲೆಂದು ಸುಂಕ ಹಾಕುತ್ತಾರಂತೆ. ಬರೆಸೋಣವೆಂದರೆ ನಂಬರೇ ಕಾಣದು! ಪ್ರತಿ ಆಯುಧಪೂಜೆಗೆ ಗುರುಗಳು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಲೆನ್ಸಿನ ಸುತ್ತಲಿನ ಬಳೆಗೆ ಹಚ್ಚುತ್ತಿದ್ದರು. ವರ್ಷಗಳ ಕುಂಕುಮ ಅಂಕಿಗಳೊಳಗೆ ಕಲ್ಲಾಗಿ ಕೂತಿತ್ತು. ಅಧಿಕಾರಿ ಗಡಿಯಾರ ನೋಡುತ್ತಿದ್ದರು. ಗುಂಡುಸೂಜಿಯಿಂದ ಕೆದರಿದೆ, ಪುಡಿ ಗಾಜಿನ ಮೇಲೆ ಉದುರಿತು. ಅದನ್ನು ಊದಿ ತೆಗೆಯಬೇಕೆಂದು ಮೊದಲ ದಿನವೇ ಗುರುಗಳು ಕಿವಿ ಹಿಂಡಿ ಕಲಿಸಿದ್ದರು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಕರವಸ್ತ್ರದಿಂದ ಗಸಗಸ ಉಜ್ಜಿಬಿಟ್ಟೆ. ನಂಬರು ಸಿಕ್ಕಿತು. ಕ್ಯಾಮೆರಾ ನಿಮ್ಮದೇ ಎಂದು ಕೇಳಿದಾಗ ಹೌದೆಂದೆ. ಕಾಗದ ನನ್ನ ಹೆಸರಿಗಾಯಿತು.

ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು. ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿದ್ದವು. ಊರಿಗೆ ಬಂದು ಫಿಲ್ಮು ತೊಳೆದರೆ ಫೋಟೊಗಳೆಲ್ಲ ಹಾಲು ಬೆರೆಸಿದ ಹಾಗೆ ಮಬ್ಬು. ವ್ಯಾಪಾರಿಗೆ ಅಲ್ಲಿಯ ಹವೆಯ ನೆಪ ಹೇಳಿ ತಪ್ಪಿಸಿಕೊಂಡೆ. ಗುರುಗಳಿಗಾದರೂ ನಿಜ ಹೇಳಬೇಕೆಂದು ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವವರೆಗೂ ಮಾತು ಹೊಂದಿಸಿಕೊಂಡೆ. ಅವರು ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡರು. ನಾನು ಸಿಂಗಪುರದ ಮದುವೆ ಊಟದ ಸುದ್ದಿ ಹೇಳಿ ಎದ್ದು ಬಂದೆ.

ಆರು ತಿಂಗಳ ಮೇಲೆ ಅವರೇ ಬಳ್ಳಾರಿಗೆ ಬಂದು, ತಾವು ಕುರುಗೋಡಿನಲ್ಲಿ ತೆಗೆದ ಮದುವೆಯ ಫೋಟೊಗಳನ್ನು ನನ್ನ ಮೇಜಿನ ಮೇಲೆ ಹರಡಿದರು.

"ಫೋಕಸ್ ಸಿಗವಲ್ದು. ನನ್ನ ಕಣ್ಣು ಹೋದ್ವೇನಪಾ?"

ಆಗಲಾದರೂ ಬಾಯಿ ಬಿಡಬಹುದಿತ್ತು.

"ವಯಸ್ಸಾತಲ್ರಿ," ಎಂದೆ. ಥೂ ನನ್ನ ಜನ್ಮಕ್ಕಿಷ್ಟು.

ಕಣ್ಣು ನೆಟ್ಟಗಿವೆ ಎಂದ ಡಾಕ್ಟರನ್ನು ಅವರು ನಂಬಲಿಲ್ಲ, ಶಿಷ್ಯನನ್ನು ನಂಬಿದರು. ಸ್ಟುಡಿಯೊ ಮುಚ್ಚಿದರು. ಚೀಲದಲ್ಲಿರುವ ಕಸ್ಟಮ್ಸ್ ಕಾಗದ ಹೇಗೂ ನಿನ್ನ ಹೆಸರಿಗಿದೆಯಲ್ಲ ಎಂದು ನಗುತ್ತ ಕ್ಯಾಮೆರಾ ನನಗೇ ಕೊಟ್ಟರು. ನಾನು ಗುಟ್ಟಾಗಿ ಮದ್ರಾಸಿಗೆ ಹೋಗಿ ಲೆನ್ಸು ಬದಲಿಸಿ ತಂದೆ. ಕ್ಯಾಮೆರಾ ಸರಿಯಾದರೆ ಪಾಪ ಅರ್ಧವಾದರೂ ಕಳೆಯುತ್ತದೆಂದುಕೊಂಡಿದ್ದೆ, ಹುಚ್ಚ. ಮುಂದಿನ ಆಯುಧಪೂಜೆಗೆ ಅದರಲ್ಲೇ ಅವರ ಫೋಟೊ ತೆಗೆದು, ತೊಳೆದು, ಒಯ್ದು ಕೊಟ್ಟೆ. ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು.

ಅವರು ಅದನ್ನು ಬಹಳ ಹೊತ್ತು ನೋಡಿ, ಪಕ್ಕದಲ್ಲಿದ್ದ ಹೆಂಡತಿಯ ಕೈಗೆ ಕೊಟ್ಟರು.

"ನೋಡಿದ್ಯಾ? ಕ್ಯಾಮೆರಾ ನೆಟ್ಟಗ ಐತಿ. ಹೋಗಿದ್ದು ನನ್ನ ಕಣ್ಣ."